‘ನೋಡುವ’ ಅಂದರೆ ಹೌದೋ, ಇಲ್ಲವೋ?

ನಿನ್ನೆ ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ಒತ್ತುತ್ತಿದ್ದೆ, ಸಹನಾ ಬಂದು ಬಾಗಿಲಲ್ಲಿ ನಿಂತಳು. ಸಹನಾ ನಮ್ಮ ಕಂಪನಿಯ ಎಚ್.ಆರ್. ಟ್ರೈನಿ, ಹುಬ್ಬಳ್ಳಿ ಕಡೆಯ ಹುಡುಗಿ. ಒಂದು ವರ್ಷ ಒಂದೊಂದು ವಿಭಾಗದಲ್ಲಿ ಕೆಲವು ತಿಂಗಳಂತೆ ಸುತ್ತಿ, ಈಗ ಅವಳ ತರಬೇತಿ ಮುಗಿಯುತ್ತ ಬಂದಿದೆ. ತನ್ನನ್ನು ಇಟ್ಟುಕೊಳ್ಳುತ್ತೀರೋ ಕಳಿಸುತ್ತೀರೋ ಎಂದು ಕೇಳಲು ಬಂದಿದ್ದಳು. ನಾನು ತಲೆಯನ್ನು ಸ್ವಲ್ಪ ಓರೆ ಮಾಡಿ, ಮುಖಕ್ಕೆ ಒಂದು ನಗು ತಂದುಕೊಂಡು, “ನೋಡುವ” ಅಂದೆ.

ಇಲ್ಲಿಯ ಹುಡುಗಿಯಾಗಿದ್ದರೆ ಅಷ್ಟಕ್ಕೆ “ಆಯ್ತು ಮೇಡಂ” ಎಂದು ಹೋಗಿ, ಕ್ಯಾಂಟೀನಿನ ಮೂಲೆಯಲ್ಲಿ ಗೆಳತಿಯರ ಜೊತೆ ಕೂತು ಆ ಮಾತಿನ ಅರ್ಥ ಬಿಡಿಸುತ್ತಿದ್ದಳು. ಸಹನಾ ನಿಂತಲ್ಲಿಂದ ಕದಲಲಿಲ್ಲ.

“ನೋಡೂದಂದ್ರ ಯಾವಾಗ ನೋಡೂದ್ರೀ ಮೇಡಂ?” ಎಂದು ಕೇಳಿದಳು.

ಜಗಳದ ದನಿಯಲ್ಲ, ಬಸ್ಸಿನ ಟೈಮು ಕೇಳುವ ದನಿ. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ, ಯಾರೂ ಹೀಗೆ ತಿರುಗಿ ಕೇಳಿರಲಿಲ್ಲ. “ಒಂದು ಚಾ ಕುಡಿದು ಬನ್ನಿ, ಹೇಳ್ತೇನೆ” ಎಂದು ಅವಳನ್ನು ಸಾಗಹಾಕಿದೆ. ಬನ್ನಿ, ಅವಳು ಚಾ ಕುಡಿದು ಬರುವುದರೊಳಗೆ ನಿಮಗೊಂದು ಹಳೆಯ ಸಂಗತಿ ಹೇಳಿಬಿಡುತ್ತೇನೆ.

ಹೊರಗಿನವರಿಗೆ ಮೊದಲು ಈ ಪದವನ್ನು ಬಿಡಿಸಿ ಹೇಳಬೇಕು. ಬೇರೆ ಕಡೆಯವರು ‘ನೋಡೋಣ’ ಅನ್ನುವಲ್ಲಿ ನಾವು ಮಂಗಳೂರಿನವರು ‘ನೋಡುವ’ ಅನ್ನುತ್ತೇವೆ. ತುಳುವಿನಲ್ಲಿ ಅದೇ ‘ತೂಕ’. ಘಟ್ಟದ ಮೇಲಿನವರು ಕೇಳಿದರೆ ತಕ್ಕಡಿ ಎಲ್ಲಿ ಎಂದು ಹುಡುಕಿಯಾರು. ಮದುವೆಗೆ ಬರ್ತೀರಾ ಅಂದರೆ ನೋಡುವ. ಜಾಗ ಮಾರ್ತೀರಾ ಅಂದರೆ ನೋಡುವ. ನಾಳೆ ಮಳೆ ಬಂದೀತಾ ಅಂದರೂ ನೋಡುವ. ಅದೊಂದರಲ್ಲಿ ಮಾತ್ರ ಮೋಸವಿಲ್ಲ.

ನಾನು ಈ ಪದದ ನಡುವೆಯೇ ಬೆಳೆದವಳು. ತೊಕ್ಕೊಟ್ಟಿನಲ್ಲಿ ನನ್ನ ಉಪ್ಪನಿಗೆ ಚಪ್ಪಲಿಯ ಅಂಗಡಿ. ಉಪ್ಪ ಅಂದರೆ ಅಪ್ಪ. ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ ಭಾಷೆ, ಇಲ್ಲಿ ನಿಮಗಾಗಿ ಅದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಿರಾಕಿಗಳು ಬರುತ್ತಾರೆ, ಅಟ್ಟದ ಮೇಲಿನ ಪೆಟ್ಟಿಗೆಗಳನ್ನೆಲ್ಲ ಇಳಿಸಲು ಹೇಳುತ್ತಾರೆ, ಎರಡೂ ಕಾಲಿಗೆ ಹಾಕಿ ಕನ್ನಡಿಯ ಮುಂದೆ ಆಚೆಯಿಂದ ಈಚೆ ನಡೆಯುತ್ತಾರೆ, ಕೊನೆಗೆ “ನೋಡುವ” ಎಂದು ಹಳೆಯ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಹೋಗುತ್ತಾರೆ. ಉಪ್ಪನಿಗೆ ಅದರಿಂದ ಬೇಸರವಾದದ್ದು ನಾನು ಕಂಡಿಲ್ಲ. ಆ ಮಾತು ಬಂದ ರೀತಿಯಲ್ಲೇ ಅವರಿಗೆ ಎಲ್ಲ ಗೊತ್ತಾಗುತ್ತಿತ್ತು. ಪೆಟ್ಟಿಗೆ ಮುಚ್ಚುತ್ತ ಹೇಳುತ್ತಿದ್ದರು: ಇವರು ಸಂಜೆ ಪುನಃ ಬರ್ತಾರೆ, ಇವರು ಹೆಂಡತಿಯನ್ನು ಕರ್ಕೊಂಡು ಬರ್ತಾರೆ, ಇವರು ಇನ್ನು ಈ ಕಡೆ ತಲೆ ಹಾಕುವುದಿಲ್ಲ. ಹಾಗೆಯೇ ಆಗುತ್ತಿತ್ತು. ನನಗೂ ಆ ವಿದ್ಯೆ ಬಂದಿದೆಯೆಂದು ನಾನು ತಿಳಿದುಕೊಂಡಿದ್ದೆ.

ನನ್ನ ಬಿ.ಕಾಂ. ಮುಗಿಯುವ ಹೊತ್ತಿಗೆ ಉಪ್ಪ ಪಕ್ಕದ ಕೋಣೆಯನ್ನೂ ಬಾಡಿಗೆಗೆ ಹಿಡಿದಿದ್ದರು. ಅಲ್ಲಿ ಹೆಂಗಸರ ಚಪ್ಪಲಿ, ಬ್ಯಾಗು, ನೋಡಿಕೊಳ್ಳುವುದು ನಾನು ಎಂಬುದು ಅವರ ಲೆಕ್ಕ. ಅಂಗಡಿಯಲ್ಲಿ ಕೂರಲು ನನಗೆ ನಾಚಿಕೆಯೇನೂ ಇರಲಿಲ್ಲ. ಆದರೆ ತೊಕ್ಕೊಟ್ಟಿನಲ್ಲಿ ನನಗೆ ಹೆಸರೇ ಇರಲಿಲ್ಲ. ಚಪ್ಪಲಿ ಅಂಗಡಿಯವರ ಮಗಳು, ಅಷ್ಟೇ. ಬಸ್ಸಿನ ಕಂಡಕ್ಟರ್ ಕೂಡ ಟಿಕೆಟು ಕೊಡುವಾಗ ನನ್ನ ಮುಖ ನೋಡಿ ಉಪ್ಪನ ಮಂಡಿನೋವು ಹೇಗುಂಟು ಎಂದು ಕೇಳುತ್ತಿದ್ದ. ಯಾರ ಮಗಳು ಎಂದು ಯಾರೂ ಕೇಳದ, ನನ್ನ ಹೆಸರಿನಿಂದಲೇ ನನ್ನನ್ನು ಕರೆಯುವ ಒಂದು ಜಾಗ ನನಗೆ ಬೇಕಿತ್ತು. ಸಣ್ಣ ಆಸೆ, ಆದರೆ ಅದನ್ನು ಬಿಟ್ಟು ಬೇರೆ ಆಸೆ ಇರಲಿಲ್ಲ.

ಆಗ ಪೇಪರಿನಲ್ಲಿ ಆ ಜಾಹೀರಾತು ಕಂಡದ್ದು. ಉಪ್ಪಿನಕಾಯಿ, ಚಿಪ್ಸು, ಪ್ಯಾಕೆಟ್ ರೊಟ್ಟಿ ಮಾಡುವ ಕಂಪನಿ. ಕೊಟ್ಟಾರದಲ್ಲಿ ಆಫೀಸು, ನಂತೂರಿನ ಹತ್ತಿರ ಗೋದಾಮು, ಬೈಕಂಪಾಡಿಯಲ್ಲಿ ಫ್ಯಾಕ್ಟರಿ. ಪದವೀಧರರಿಗೆ ಮಾನವ ಸಂಪನ್ಮೂಲ ವಿಭಾಗದಲ್ಲಿ ‘ರೊಟೇಶನಲ್ ಅಪ್ರೆಂಟಿಸ್‌ಶಿಪ್’. ಒಂದು ವರ್ಷ ಎಲ್ಲ ಕಡೆ ಸುತ್ತಿಸಿ, ಕೊನೆಗೆ ಯಾವುದಾದರೂ ಕಡೆಯವರು ಬೇಕೆಂದರೆ ಕೆಲಸ ಖಾಯಂ. ನನ್ನ ಅಜ್ಜಿ ಆ ಶಬ್ದವನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ, ಮೊಮ್ಮಗಳಿಗೆ ‘ರೊಟ್ಟಿ ಸ್ಟೇಷನ್ನಿನಲ್ಲಿ’ ಕೆಲಸ ಸಿಕ್ಕಿದೆಯೆಂದು ನೆರೆಕರೆಗೆಲ್ಲ ಸಾರಿದರು. ಕಂಪನಿ ಮಾಡುವುದು ರೊಟ್ಟಿಯೇ ಆದದ್ದರಿಂದ ನಾನೂ ತಿದ್ದಲು ಹೋಗಲಿಲ್ಲ.

ಉಪ್ಪನದು ವ್ಯಾಪಾರಿಯ ಪ್ರಶ್ನೆ. “ಅದೆಲ್ಲ ಸರಿ. ನೀನು ಅಲ್ಲಿ ಎಂತ ಮಾರುವುದು?”

ಮಾರುವುದಿಲ್ಲ ಉಪ್ಪಾ, ಇದು ಜನರ ಕೆಲಸ ಅಂದೆ. ಜನರನ್ನು ಮಾರುವುದಾ ಎಂದು ಗಾಬರಿಯಾದರು. ಜನರನ್ನು ತೆಗೆದುಕೊಳ್ಳುವುದು, ನೋಡಿಕೊಳ್ಳುವುದು, ಬಿಡುವಾಗ ಮರ್ಯಾದೆಯಿಂದ ಕಳಿಸುವುದು ಎಂದು ನನಗೆ ಗೊತ್ತಿದ್ದಷ್ಟು ವಿವರಿಸಿದೆ. ಹಾಗಾದರೆ ನಾವು ಮಾಡುವುದೂ ಅದೇ ಅಲ್ವಾ, ಬರೀ ಚಪ್ಪಲಿಯಲ್ಲಿ, ಅಂದರು. ಕೊನೆಗೆ ಒಪ್ಪಂದವಾಯಿತು. ಒಂದು ವರ್ಷ ಹೋಗಬಹುದು. ಅವರು ಇಟ್ಟುಕೊಂಡರೆ ಅಲ್ಲಿ, ಇಲ್ಲದಿದ್ದರೆ ಪಕ್ಕದ ಕೋಣೆಯಲ್ಲಿ. ಇಲ್ಲದಿದ್ದರೆ ಬೇರೆ ಕಡೆ ಪ್ರಯತ್ನ ಮಾಡಬಹುದಾ ಎಂದು ಕೇಳಿದೆ. ಉಪ್ಪ “ನೋಡುವ” ಅಂದರು. ಅದು ಯಾವ ಜಾತಿಯ ನೋಡುವ ಎಂದು ನನಗೆ ಚೆನ್ನಾಗಿ ಅರ್ಥವಾಯಿತು.

ರೊಟೇಶನ್ ಅಂದರೆ ಏನೆಂದುಕೊಂಡಿರಿ? ಒಂದು ವಿಭಾಗದಲ್ಲಿ ನಿಮ್ಮ ದಡ್ಡತನ ಎಲ್ಲರಿಗೂ ಗೊತ್ತಾಗುವ ಹೊತ್ತಿಗೆ ಸರಿಯಾಗಿ ನಿಮ್ಮನ್ನು ಇನ್ನೊಂದು ವಿಭಾಗಕ್ಕೆ ಕಳಿಸುವುದು. ಬಹಳ ದಯೆಯ ಪದ್ಧತಿ. ಸಂಬಳದ ವಿಭಾಗದಲ್ಲಿ ನಾನು ಒಬ್ಬ ಡಿಸೋಜರ ರಜೆಯನ್ನು ಇನ್ನೊಬ್ಬ ಡಿಸೋಜರ ಹೆಸರಿಗೆ ಹಾಕಿದೆ. ಎರಡನೆಯವರು ಪಾಪ, ಯಾಕೆ ರಜೆ ಎಂದು ವಿಚಾರಿಸದೆ ಸಂತೋಷದಿಂದ ಮನೆಯಲ್ಲಿ ಉಳಿದರು. ಮೊದಲನೆಯವರು ಮಗಳ ನಾಮಕರಣ ಬಿಟ್ಟು ಕೆಲಸಕ್ಕೆ ಬರಬೇಕಾಯಿತು. ತರಬೇತಿ ವಿಭಾಗದಲ್ಲಿ, ಇಪ್ಪತ್ತು ವರ್ಷ ಒಟ್ಟಿಗೆ ದುಡಿದ ಹೆಂಗಸರನ್ನು ವೃತ್ತವಾಗಿ ನಿಲ್ಲಿಸಿ, ಚೆಂಡು ಎಸೆದು ಪರಸ್ಪರ ಪರಿಚಯ ಮಾಡಿಕೊಳ್ಳಲು ಹೇಳಿದೆ. ಪುಸ್ತಕದಲ್ಲಿ ಹಾಗೆಯೇ ಇತ್ತು. ಒಬ್ಬರಂತೂ ಚೆಂಡು ಹಿಡಿದು, ತನ್ನ ಪಕ್ಕದವಳನ್ನು ತೋರಿಸಿ, ಇವಳ ಹೆರಿಗೆಗೆ ಹೋದದ್ದೇ ನಾನು, ಇನ್ನೆಂತ ಪರಿಚಯ, ಎಂದು ಕೇಳಿದರು. ಚೆಂಡು ವಾಪಸು ತೆಗೆದುಕೊಂಡೆ.

ಆಮೇಲೆ ಬೈಕಂಪಾಡಿಯ ಫ್ಯಾಕ್ಟರಿ. ಅಲ್ಲಿ ನನಗೆ ಸಿಕ್ಕಿದ ಮೊದಲ ದೂರು, ಕ್ಯಾಂಟೀನಿನ ಬಂಗುಡೆ ಮೀನು ಸಣ್ಣದಾಗಿದೆ ಎಂಬುದು. ಹಳಬರು ಯಾರಾದರೂ ಆಗಿದ್ದರೆ ಕ್ಯಾಂಟೀನಿನವರಿಗೆ ಎರಡು ಮಾತು ಹೇಳಿ ಮುಗಿಸುತ್ತಿದ್ದರು. ನಾನು ಅಪ್ರೆಂಟಿಸ್. ಒಂದು ವಾರ ದಿನಾ ಅಡುಗೆಮನೆಗೆ ಹೋಗಿ, ಮಸಾಲೆ ಹಚ್ಚಿದ ಬಂಗುಡೆಗಳ ಪಕ್ಕ ಶಾಲೆಯ ಸ್ಕೇಲು ಇಟ್ಟು ಫೋಟೋ ತೆಗೆದು, ಇಂಗ್ಲಿಷಿನಲ್ಲಿ ಒಂದು ದಪ್ಪ ವರದಿ ಬರೆದೆ. ನನ್ನ ಕೈಗೆ ಅಂಟಿದ ಮೆಣಸಿನ ಘಾಟು ಬಸ್ಸಿನಲ್ಲಿ ಪಕ್ಕದವರನ್ನು ಸೀನಿಸುತ್ತಿತ್ತು. ವರದಿಯನ್ನು ಯಾರೂ ಓದಲಿಲ್ಲ, ಆದರೆ ಮರುವಾರದಿಂದ ಬಂಗುಡೆ ದೊಡ್ಡದಾಯಿತು. ಪುನಃ ಸ್ಕೇಲು ಹಿಡಿದುಕೊಂಡು ಬಂದೇನು ಎಂಬ ಹೆದರಿಕೆಯೇ ಕಾರಣವಿರಬೇಕು. ಫ್ಯಾಕ್ಟರಿಯಲ್ಲಿ ನನಗೆ ‘ಬಂಗುಡೆ ಮೇಡಂ’ ಎಂದು ಹೆಸರು ಬಿತ್ತು. ಯಾರ ಮಗಳೋ ಎಂಬುದು ಸೇರಿಲ್ಲದ ನನ್ನ ಮೊದಲ ಹೆಸರು ಅದು. ಇಷ್ಟಪಟ್ಟು ಕೇಳಿಕೊಂಡ ಹೆಸರಲ್ಲ, ಏನು ಮಾಡುವುದು.

ಕೊನೆಯ ಸುತ್ತು ಕೊಟ್ಟಾರದ ಆಫೀಸಿನಲ್ಲಿ, ನೇಮಕಾತಿ ವಿಭಾಗ. ಅಲ್ಲಿಯ ಮುಖ್ಯಸ್ಥೆ ರೈ ಮೇಡಂ. ಗುತ್ತಿನ ಮನೆ ಅಂದರೆ ಹಳೆಯ ಜಮೀನ್ದಾರರ ದೊಡ್ಡ ಮನೆ, ಅಂಥದ್ದರಲ್ಲಿ ಹುಟ್ಟಿದವರು, ಗಂಡನ ಕಡೆ ಹೋಟೆಲು. ಹಾಗಾಗಿ ಅವರ ದನಿಗೆ ಮೈಕಿನ ಅಗತ್ಯವಿರಲಿಲ್ಲ. ಮೊದಲ ದಿನವೇ ನನ್ನನ್ನು ಕೂರಿಸಿ ಹೇಳಿದರು, ಇಲ್ಲಿ ಯಾರಿಗೂ ಮುಖಕ್ಕೆ ಇಲ್ಲ ಅನ್ನಬಾರದು. “ಇದು ಮಂಗಳೂರು ಮಾರಾಯ್ತಿ. ಇವತ್ತು ಇಲ್ಲ ಅಂದವರು ನಾಳೆ ಮೀನು ಮಾರ್ಕೆಟಲ್ಲಿ ಸಿಗ್ತಾರೆ, ನಾಡಿದ್ದು ಯಾರದ್ದೋ ಮದುವೆಯಲ್ಲಿ ನಿನ್ನ ಪಕ್ಕದಲ್ಲೇ ಊಟಕ್ಕೆ ಕೂರ್ತಾರೆ. ನೋಡುವ ಅಂತ ಹೇಳು, ಸಾಕು.”

ನನ್ನ ಅದೃಷ್ಟ ಖುಲಾಯಿಸಿತು ನೋಡಿ. ಉಳಿದೆಲ್ಲ ವಿಭಾಗಗಳಲ್ಲಿ ಮಕಾಡೆ ಬಿದ್ದವಳು ಇಲ್ಲಿ ಪಂಡಿತೆಯಾದೆ. ಹುಟ್ಟಿದಾಗಿನಿಂದ ಕೇಳಿದ ಮಾತು ತಾನೇ. ಉದ್ದಕ್ಕೆ ಎಳೆದರೆ ಇನ್ನೂ ಯೋಚನೆ ಉಂಟು ಎಂದರ್ಥ, ಚುಟುಕಾಗಿ ಅಂದರೆ ಬಹುಶಃ ಹೌದು, ಎರಡು ಸಲ ‘ನೋಡುವ ನೋಡುವ’ ಅಂದರೆ ಮನೆಗೆ ಹೋಗಿ ಬೇರೆ ಕೆಲಸ ಹುಡುಕಿ. ಬಂದವರು ನಗುತ್ತಲೇ ಬಂದು ನಗುತ್ತಲೇ ಹೋಗುತ್ತಿದ್ದರು. ಎಚ್.ಆರ್. ಅಂದರೆ ಇಷ್ಟೇ ಅಲ್ವಾ ಎಂದು ನನಗೆ ಜಂಬ ಬಂತು.

ಆಗ ಬಂದವರು ಲ್ಯಾನ್ಸಿ. ಬಹಳ ವರ್ಷ ಗಲ್ಫಿನಲ್ಲಿ ಸ್ಟೋರ್‌ಕೀಪರ್ ಆಗಿದ್ದು ಊರಿಗೆ ಮರಳಿದವರು, ನಮ್ಮ ತೊಕ್ಕೊಟ್ಟಿನವರೇ. ನಂತೂರಿನ ಗೋದಾಮಿಗೆ ಸೂಪರ್‌ವೈಸರ್ ಬೇಕೆಂದು ಕೇಳಿ ಬಂದಿದ್ದರು. ಆ ಕೆಲಸ ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು. ನಾನು ನನ್ನ ವಿದ್ಯೆಯನ್ನೆಲ್ಲ ಸೇರಿಸಿ, ತಲೆ ಓರೆ ಮಾಡಿ, “ನೋಡುವ ನೋಡುವ” ಅಂದೆ. ಅವರು ನನ್ನ ಎರಡೂ ಕೈ ಹಿಡಿಯುವುದೊಂದು ಬಾಕಿ, ಅಷ್ಟು ಸಂತೋಷದಿಂದ ಎದ್ದು ಹೋದರು. ಆ ಸಂತೋಷ ಸ್ವಲ್ಪ ಹೆಚ್ಚಾಯಿತಲ್ಲ ಎಂದು ನನಗೆ ಹೊಳೆಯಬೇಕಿತ್ತು.

ಸಂಜೆ ಮನೆಗೆ ಬಂದರೆ ಉಪ್ಪ ಬಾಗಿಲಲ್ಲೇ ಕಾದಿದ್ದರು. ಮುಖದಲ್ಲಿ ಪೆರ್ನಾಲ್ ಹಬ್ಬದ ಕಳೆ. ಲ್ಯಾನ್ಸಿಗೆ ನೀನು ಕೆಲಸ ಕೊಟ್ಟೆಯಂತೆ, ನಮ್ಮ ಅಂಗಡಿಯಿಂದಲೇ ಕರಿ ಶೂ ಕೊಂಡುಹೋದ, ಸೋಮವಾರದಿಂದ ಹಾಕಿಕೊಂಡು ಬರ್ತಾನಂತೆ, ಎಂದರು. ನಾನು ಹಾಗೆ ಹೇಳಿಯೇ ಇಲ್ಲ ಅಂದೆ. ನೋಡುವ ಅಂದೆಯಂತಲ್ಲ, ಅಂದರು.

ಗಿರಾಕಿಯ ನೋಡುವ ಕೇಳಿಯೇ ಅವನ ಹೊಟ್ಟೆಯೊಳಗಿನದನ್ನು ಹೇಳುವವರು ಇವರೇನಾ ಎಂದು ನಾನು ಅವರ ಮುಖವನ್ನೇ ನೋಡಿದೆ. “ಉಪ್ಪಾ, ನೋಡುವ ಅಂದ್ರೆ ಎಂತ ಅಂತ ನಿಮಗೆ ಗೊತ್ತಿಲ್ವಾ?”

“ಬೇರೆಯವರು ಹೇಳಿದ್ರೆ ಗೊತ್ತು” ಅಂದರು ಉಪ್ಪ. “ಇದು ನೀನು ಹೇಳಿದ್ದಲ್ವಾ ಮಗಳೇ.”

ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿಯಿತು. ಇಳಿದದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ಅಷ್ಟರಲ್ಲಾಗಲೇ ಅವರು ಈ ಸುದ್ದಿಯನ್ನು ಕ್ಷೌರದಂಗಡಿಗೂ ಜ್ಯೂಸಿನಂಗಡಿಗೂ ಮುಟ್ಟಿಸಿ, ಇಬ್ಬರ ಅಳಿಯಂದಿರಿಗೆ ನನ್ನ ಪರವಾಗಿ ‘ನೋಡುವ’ ಎಂದು ಮಾತು ಕೊಟ್ಟು ಬಂದಿದ್ದರೆಂದು ತಿಳಿಯಿತು.

ಸೋಮವಾರ ಲ್ಯಾನ್ಸಿ ಹೇಳಿದಂತೆ ಬಂದರು. ಹೊಸ ಶೂ ಕೀಚ್ ಕೀಚ್ ಎನ್ನುತ್ತಿತ್ತು. ಅವರು ಮೆಟ್ಟಿಲೇರುವುದು ನನಗೆ ಒಳಗೆ ಕೂತಲ್ಲೇ ಕೇಳಿಸಿತು. ಹೊರಗೆ ಹೈವೇಯ ಕಡೆಗಿನ ವರಾಂಡಕ್ಕೆ ಕರೆದುಕೊಂಡು ಹೋದೆ. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ಚಂದದ ವಾಕ್ಯಗಳನ್ನು ಕಲಿತಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಕೆಲಸ ಇಲ್ಲ, ಬೇರೆಯವರಿಗೆ ಆಗಿದೆ, ಎಂದಷ್ಟೇ ಹೇಳಿದೆ. ಅವರು ತಮ್ಮ ಶೂವನ್ನು ನೋಡಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಅಷ್ಟು ಹೇಳ್ಲಿಕ್ಕೆ ಎಂತ ಕಷ್ಟ ಆಯ್ತು ನಿಮಗೆ?” ಎಂದು ಕೇಳಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಆಮೇಲೆ ಸರಕ್ಕನೆ ಫೋನು ತೆಗೆದು ಯಾರಿಗೋ ಮಾಡಿದರು. ನನಗೆ ಕೇಳಿಸಿದ್ದು ಇಷ್ಟೇ: “ಅಲ್ಲ ಮಾರಾಯ್ರೆ, ನಾನು ಅವತ್ತು ನೋಡುವ ಅಂದದ್ದು ಹೌದು ಅಂತಲೇ.” ತಮ್ಮನ್ನು ಕೆಲಸಕ್ಕೆ ಕರೆದಿದ್ದ ಒಂದು ಟೈಲ್ಸ್ ಅಂಗಡಿಯನ್ನು ಇವರೂ ಒಂದು ‘ನೋಡುವ’ದಲ್ಲಿ ನೇತುಹಾಕಿ ಬಂದಿದ್ದರು. ಅದೇ ಶೂವಿನಲ್ಲಿ, ಅದೇ ದಿನ, ಅಲ್ಲಿ ಕೆಲಸಕ್ಕೆ ಸೇರಿದರು. ಆ ಶೂವಿನ ಕಾಲ್ಗುಣ ಎಂದು ಉಪ್ಪ ಇವತ್ತಿಗೂ ಹೇಳಿಕೊಳ್ಳುವುದುಂಟು.

ನನ್ನ ವರ್ಷ ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ಧೈರ್ಯ ಮಾಡಿ, ನನ್ನ ಕೆಲಸದ ಕತೆ ಏನಾಯಿತು ಎಂದು ರೈ ಮೇಡಂ ಅವರನ್ನು ಕೇಳಿದೆ. ಅವರು ಕಂಪ್ಯೂಟರಿನಿಂದ ಮುಖ ಎತ್ತದೆ, “ನೋಡುವ” ಅಂದರು.

ಉದ್ದವೂ ಅಲ್ಲ, ಚುಟುಕೂ ಅಲ್ಲ. ಒಂದೇ ಸಲ. ತಲೆ ಓರೆಯಾಗಲಿಲ್ಲ. ಪಂಡಿತೆಗೆ ಅದು ಯಾವ ಜಾತಿಗೂ ಸೇರದ ‘ನೋಡುವ’ ಆಗಿ ಕಂಡಿತು. ಮನೆಯಲ್ಲಿ ಎಲ್ಲರೂ ಸೇರಿ ಅದನ್ನು ಪರೀಕ್ಷೆ ಮಾಡಿದರು. ದನಿ ಮೇಲೆ ಹೋಯಿತಾ ಕೆಳಗೆ ಬಂತಾ ಎಂದು ಉಪ್ಪ ಕೇಳಿದರು. ಮೇಡಂ ಅಂದ ಹಾಗೆಯೇ ಮಾಡಿ ತೋರಿಸಲು ಹೇಳಿದರು. ನಾನು ಮಾಡಿದ ಪ್ರತಿ ಸಲವೂ ಬೇರೆ ಬೇರೆಯಾಗಿ ಬಂತು. ಉಮ್ಮ, ಅಂದರೆ ನನ್ನ ಅಮ್ಮ, ಮಾತ್ರ ಮೇಡಮ್ಮನನ್ನೇ ಕೇಳಬಾರದಾ ಅಂದರು. ಎಲ್ಲರೂ ಅವರನ್ನು ಸುಮ್ಮನಿರಿಸಿದೆವು. ಅಷ್ಟರಲ್ಲಿ ಉಪ್ಪ ಬೋರ್ಡು ಬರೆಯುವವನಿಗೆ ಹೇಳಿಯಾಗಿತ್ತು, ಪಕ್ಕದ ಕೋಣೆಗೆ ನನ್ನ ಹೆಸರನ್ನೇ ಇಡುವುದೆಂದು. ಪ್ರೀತಿಯಿಂದ ಮಾಡಿದ್ದು, ಬೈಯುವಂತೆಯೂ ಇಲ್ಲ. ಬೇಡಿ ಬೇಡಿ ಕೇಳಿದ ನನ್ನ ಹೆಸರು ಕೊನೆಗೆ ಅದೇ ತೊಕ್ಕೊಟ್ಟಿನಲ್ಲಿ, ಅದೇ ಚಪ್ಪಲಿಯ ಮೇಲೆ ಬರೆಯಲ್ಪಡುವುದೆಂದು ನೆನೆದು ಸೇತುವೆ ದಾಟುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದೆ.

ಕೆಲವು ದಿನ ಹಾಗೆ ಕಳೆದು, ಒಂದು ದಿನ ತಡೆಯಲಾರದೆ ಮೇಡಂ ಅವರ ಕೋಣೆಗೆ ನುಗ್ಗಿದೆ. “ಹೌದಾ ಇಲ್ವಾ ಮೇಡಂ? ಒಂದು ಹೇಳಿಬಿಡಿ.”

ಅವರು ಕನ್ನಡಕ ತೆಗೆದರು. ನೋಡುವ ಅಂದಿದ್ದೆನಲ್ಲ, ಅಂದರು. ಅದು ಯಾವ ನೋಡುವ ಎಂದು ನನಗೆ ಗೊತ್ತಾಗಲಿಲ್ಲ ಅಂದೆ.

“ಯಾವ ನೋಡುವ ಅಂದ್ರೆ ಎಂತ ಮಾರಾಯ್ತಿ? ನೋಡುವ ಅಂದ್ರೆ ನೋಡುವ. ಅವತ್ತಿನಿಂದ ನೋಡ್ತಾ ಇದ್ದೇನೆ ನಾನು.”

ನಿಜಕ್ಕೂ ನೋಡುತ್ತಿದ್ದರು. ನೇಮಕಾತಿಯಲ್ಲಿ ಜಾಗವಿರಲಿಲ್ಲ. ಸಂಬಳದವರನ್ನು ಕೇಳಿದ್ದರು, ಅವರು ಡಿಸೋಜರ ಹೆಸರು ಹೇಳಿ ಕೈಮುಗಿದಿದ್ದರು. ತರಬೇತಿಯವರನ್ನು ಕೇಳಿದ್ದರು, ಅವರು ಚೆಂಡನ್ನು ನೆನಪಿಸಿದ್ದರು. ಹಿಂದಿನ ದಿನ ಬಿಸಿಲಲ್ಲಿ ಬೈಕಂಪಾಡಿಗೂ ಹೋಗಿ ಬಂದಿದ್ದರು. ಅಲ್ಲಿ ಪ್ಯಾಕಿಂಗಿನ ಹೆಂಗಸರು, ಹೊಸಬರು ಯಾರೂ ಬೇಡ, ಆ ಬಂಗುಡೆ ಮೇಡಮ್ಮನನ್ನೇ ಕಳಿಸಿ ಎಂದು ಹಟ ಹಿಡಿದಿದ್ದರಂತೆ. ಅಲ್ಲಿ ಒಂದು ಜಾಗ ಮಾಡಿಸಲು ಮೇಲಿನವರ ಹತ್ತಿರ ಗುದ್ದಾಡುತ್ತಿದ್ದೇನೆ, ಸಂಜೆಗೆ ಗೊತ್ತಾಗ್ತದೆ, ಅಂದರು.

ನನ್ನ ಪಟ್ಟಿಯಲ್ಲಿ ಅಷ್ಟೊಂದು ಬಗೆಯ ನೋಡುವಗಳಿದ್ದವು. ಒಬ್ಬರು ನಮಗಾಗಿ ನಿಜವಾಗಿ ಕಣ್ಣಿಟ್ಟು ನೋಡುವ ಒಂದು ಬಗೆ ಇದ್ದೀತೆಂದು ನನಗೆ ಹೊಳೆದೇ ಇರಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ. ರೈ ಮೇಡಂ ಗಾಬರಿಯಾಗಿ, ಇದಕ್ಕೇ ನಾನು ಯಾರಿಗೂ ಏನೂ ಹೇಳದಿರುವುದು, ಎಂದು ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಸಂಜೆ ಕೆಲಸ ಖಾಯಂ ಆಯಿತು. ಪಕ್ಕದ ಕೋಣೆಯ ಬೋರ್ಡಿನಲ್ಲಿ ಉಪ್ಪ ನನ್ನ ಹೆಸರು ಒರೆಸಿ ಉಮ್ಮನ ಹೆಸರು ಬರೆಸಿದರು; ಈಗ ಅಲ್ಲಿ ಉಮ್ಮನೇ ಕೂರುವುದು. ಗಿರಾಕಿಗಳು ನೋಡುವ ಅಂದರೆ, ಎಂತ ನೋಡ್ಲಿಕ್ಕುಂಟು, ಬೇಕಾ ಬೇಡ್ವಾ ಎಂದು ಕೇಳಿಯೇ ಬಿಡುತ್ತಾರೆ. ವ್ಯಾಪಾರ ಉಪ್ಪನಿಗಿಂತ ಚೆನ್ನಾಗಿದೆ.

ರೈ ಮೇಡಂ ನಿವೃತ್ತರಾಗಿ, ಅವರ ಕುರ್ಚಿಯಲ್ಲಿ ನಾನು ಕೂತು ಕೆಲಕಾಲವಾಯಿತು. ಕುರ್ಚಿಯ ಜೊತೆಗೆ ‘ನೋಡುವ’ ಕೂಡ ನನಗೆ ಬಂತು. ಅದರೊಳಗಿನ ನೋಡುವುದು ಯಾವಾಗ ಕಳಚಿಕೊಂಡಿತೋ ತಿಳಿಯಲಿಲ್ಲ. ಸಹನಾಳ ವಿಷಯದಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ, ಯಾವ ಕಡೆಗೂ ಹೋಗಿರಲಿಲ್ಲ. ಕೆಲಸ ಬಹಳ ಇತ್ತು ಎಂದು ನಿಮಗೆ ಹೇಳಬಹುದು, ಆದರೆ ನನ್ನ ಊಟದ ಡಬ್ಬಿ ನಿಧಾನವಾಗಿಯೇ ಖಾಲಿಯಾಗಿತ್ತು.

ಅವಳು ಚಾ ಮುಗಿಸಿ ಬಂದಳು.

“ನಾನು ಇನ್ನೂ ನೋಡಿಲ್ಲ” ಅಂದೆ. “ಕೂತ್ಕೊಳ್ಳಿ, ಈಗ ನೋಡುವ.”

ಅವಳ ಎದುರೇ ನಂತೂರಿನ ಗೋದಾಮಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಅವಳ ಕೊನೆಯ ಸುತ್ತು ಅಲ್ಲಿಯೇ. ಅಲ್ಲಿಯ ಮುಖ್ಯಸ್ಥ ಶೆಟ್ರು ಬೇಕೆಂದರೆ ಅವಳು ಉಳಿಯುತ್ತಾಳೆ. ಹುಡುಗಿಯನ್ನು ಇಟ್ಟುಕೊಳ್ಳುವುದಾ ಎಂದು ಕೇಳಿದೆ. ಲಾರಿಗಳ ಹಾರ್ನಿನ ನಡುವಿನಿಂದ ಶೆಟ್ರ ದನಿ ಆರಾಮವಾಗಿ ಬಂತು. “ನೋಡುವ ಮೇಡಂ.”

ಸಹನಾ ನನ್ನ ಮುಖ ನೋಡಿದಳು.

“ನೋಡುವುದು ಅಂದ್ರೆ ಯಾವಾಗ ನೋಡುವುದು ಶೆಟ್ರೆ?” ಅಂದೆ.

ಆ ಕಡೆ ಹಾರ್ನುಗಳು ಮಾತ್ರ ಕೇಳಿಸಿದವು. ಶೆಟ್ರು ಫೋನು ಇಟ್ಟರೋ ಎಂದುಕೊಂಡೆ. ಇಟ್ಟಿರಲಿಲ್ಲ. “ಹಾಗೆ ಕೇಳಿದ್ರೆ ಮೇಡಂ,” ಎಂದು ಕೆಮ್ಮಿದರು, “ಬೇಕು. ಆ ಹುಡುಗಿ ನಮಗೆ ಬೇಕು.”

ಸಹನಾ ಕುರ್ಚಿಯ ತುದಿಗೆ ಬಂದಿದ್ದಳು. “ಮೇಡಂ, ಇದು ಖರೇನ ಹೌದೇನ್ರೀ?”

ನನ್ನ ತಲೆ ಅಭ್ಯಾಸಬಲದಿಂದ ಓರೆಯಾಗಲು ಹೊರಟಿತ್ತು. ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು “ಹೌದು” ಅಂದೆ. ಹೊಸ ಚಪ್ಪಲಿಯ ಹಾಗೆ ಆ ಮಾತು ಸ್ವಲ್ಪ ಕಚ್ಚಿತು.